‘ಲುಕಿಂಗ್ ಫಾರ್ವರ್ಡ್ ಟು’ ಮುಂದೆ ಹಿಯರ್ ಅಲ್ಲ, ಹಿಯರಿಂಗ್

ಕೆಲಸಕ್ಕೆ ಅರ್ಜಿ ಹಾಕುವ ಮೇಲ್‌ಗಳ ಕೊನೇ ಸಾಲು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ: ‘ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು.’ ಇದು ತಪ್ಪು. ‘ಹಿಯರಿಂಗ್ ಫ್ರಮ್ ಯು’ ಅಂತಲೇ ಬರೆಯಬೇಕು.

ಎಡವುವುದು ಆ ‘ಟು’ ಹತ್ತಿರ. ‘ಟು’ ಬಂದರೆ ಮುಂದೆ ಕ್ರಿಯಾಪದದ ಮೂಲರೂಪ ಅಂತ ಶಾಲೆಯಲ್ಲಿ ಉರು ಹೊಡೆದಿರುತ್ತೇವೆ. ‘ವಾಂಟ್ ಟು ಗೋ’, ‘ಹೋಪ್ ಟು ಹಿಯರ್’, ಇಲ್ಲೆಲ್ಲ ಅದು ಸರಿಯೇ. ಆದರೆ ಇಂಗ್ಲಿಷ್‌ನಲ್ಲಿ ಇನ್ನೊಂದು ‘ಟು’ ಇದೆ, ‘ಗೋ ಟು ಮೈಸೂರ್’ ಅನ್ನುವಾಗ ಬರುವಂಥದ್ದು, ಅದು ಪ್ರೆಪೊಸಿಷನ್. ಅದರ ಮುಂದೆ ನಾಮಪದವೇ ಬೇಕು, ಕ್ರಿಯಾಪದ ಬಂದರೂ ‘ಇಂಗ್’ ಸೇರಿಸಿಕೊಂಡು ನಾಮಪದದ ವೇಷದಲ್ಲೇ ಬರಬೇಕು.

ಯಾವ ‘ಟು’ ಅಂತ ಗೊತ್ತಾಗದಿದ್ದರೆ ಅದರ ಮುಂದೆ ‘ಇಟ್’ ಹಾಕಿ ಓದಿ. ‘ಐ ಲುಕ್ ಫಾರ್ವರ್ಡ್ ಟು ಇಟ್’ ಸಲೀಸಾಗಿ ಬರುತ್ತದೆ, ಅಲ್ವಾ? ಹಾಗಾದರೆ ‘ಇಂಗ್’ ಹಾಕಿ. ‘ಐ ಹೋಪ್ ಟು ಇಟ್’ ಅಂತ ಯಾರೂ ಹೇಳುವುದಿಲ್ಲ, ಅಲ್ಲಿ ‘ಇಂಗ್’ ಬೇಡ. ‘ಆಬ್ಜೆಕ್ಟ್ ಟು’, ‘ಕಮಿಟೆಡ್ ಟು’ ಕೂಡ ‘ಇಂಗ್’ ಕೇಳುವ ಗುಂಪಿನವೇ.

‘ಯೂಸ್ಡ್ ಟು’ ಮಾತ್ರ ಸ್ವಲ್ಪ ಕಿತಾಪತಿ. ‘ಐ ಯೂಸ್ಡ್ ಟು ವರ್ಕ್ ಲೇಟ್’ ಅಂದರೆ ಮುಂಚೆ ತಡವಾಗಿ ಕೆಲಸ ಮಾಡುತ್ತಿದ್ದೆ, ಈಗಿಲ್ಲ. ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಲೇಟ್’ ಅಂದರೆ ನನಗದು ರೂಢಿ ಆಗಿದೆ. ಇಂಟರ್‌ವ್ಯೂನಲ್ಲಿ ಇವೆರಡು ಅದಲುಬದಲಾದರೆ ಹೇಳಬೇಕಾದ್ದಕ್ಕೆ ಉಲ್ಟಾ ಅರ್ಥ ಬಂದುಬಿಡುತ್ತದೆ.

‘ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ’ ಅಂತಲೂ ನಮ್ಮ ಕಡೆ ಜಾಸ್ತಿ ಬರೆಯುತ್ತಾರೆ. ‘ವೇಟಿಂಗ್ ಫಾರ್’ ಇದಕ್ಕೆ ಬಂದು ಅಂಟಿಕೊಂಡಿರಬೇಕು. ‘ವೇಟಿಂಗ್’ ಜೊತೆ ‘ಫಾರ್’, ‘ಲುಕಿಂಗ್ ಫಾರ್ವರ್ಡ್’ ಜೊತೆ ‘ಟು’, ಅಷ್ಟೇ. ‘ಹಿಯರಿಂಗ್ ಯು ಸೂನ್’ ಅಂತ ನಡುವಿನ ‘ಫ್ರಮ್’ ನುಂಗಬೇಡಿ.

ಪರಿಚಯ ಇಲ್ಲದವರಿಗೆ, ಕಚೇರಿಗೆ ಬರೆಯುವಾಗ ‘ಐ ಲುಕ್ ಫಾರ್ವರ್ಡ್ ಟು’ ಚೆನ್ನಾಗಿರುತ್ತದೆ. ಸಲುಗೆ ಇದ್ದವರಿಗೆ ‘ಐಯಾಮ್ ಲುಕಿಂಗ್ ಫಾರ್ವರ್ಡ್ ಟು’. ‘ಐ’ ಬಿಟ್ಟು ಬರೀ ‘ಲುಕಿಂಗ್’ ಅಂತ ಶುರು ಮಾಡಿದರೆ ಅದು ಪೂರ್ತಿ ವಾಕ್ಯ ಅಲ್ಲ, ಆದರೂ ಮೇಲ್‌ನಲ್ಲಿ ಎಲ್ಲರೂ ಒಪ್ಪಿಕೊಂಡಿದ್ದಾರೆ, ಕೊನೆಗೆ ಫುಲ್‌ಸ್ಟಾಪ್ ಇಟ್ಟರೆ ಸಾಕು. ಹಳೇ ಕಾಲದ ಪತ್ರಗಳಲ್ಲಿ ಅಲ್ಲಿ ಕಾಮಾ ಹಾಕಿ ‘ಐ ರಿಮೇನ್, ಯುವರ್ಸ್ ಸಿನ್ಸಿಯರ್ಲಿ’ ಅಂತ ವಾಕ್ಯ ಮುಗಿಸುತ್ತಿದ್ದರು. ಈಗ ಹಾಗೆ ಬರೆದರೆ ನಾಟಕದ ಡೈಲಾಗ್ ಥರ ಕೇಳಿಸುತ್ತದೆ.

ಇನ್ನೊಂದು, ಈ ಮಾತಿನಲ್ಲಿ ಖುಷಿಯಿಂದ ಕಾಯುವ ಭಾವ ಇದೆ. ಬಾಕಿ ದುಡ್ಡು ಕೇಳುವ ಮೇಲ್‌ಗೆ ಇದನ್ನು ಸುಮ್ನೆ ಅಂಟಿಸಬೇಡಿ. ‘ಪ್ಲೀಸ್ ರಿಪ್ಲೈ ಬೈ ಫ್ರೈಡೇ’ ಅಂತ ನೇರವಾಗಿ ಬರೆದರೆ ಉತ್ತರವಾದರೂ ಬಂದೀತು.

ಕಳಿಸುವ ಮುಂಚೆ ಸ್ಪೆಲಿಂಗ್ ನೋಡಿಕೊಳ್ಳಿ. ‘forward’ ಬದಲು ‘foreword’ (ಫೋರ್‌ವರ್ಡ್) ಅಂತ ಬರೆದರೆ ಅದು ಪುಸ್ತಕದ ಮುನ್ನುಡಿ. ಅದೂ ಇಂಗ್ಲಿಷ್ ಪದವೇ ಆದ್ದರಿಂದ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯದೇ ಇರಬಹುದು.