ಕ್ಲೀನರ್ ಚಿಪ್ ಇಲ್ಲದೆ ಎರಡು ತುದಿಯ ಕ್ಲಾಕ್ ಹೊಂದಿಸಿದ್ದು: ನನ್ನ ಅನುಭವ

ಜಿಟರ್ (ಕ್ಲಾಕ್ ಅಂಚಿನ ನಡುಕ) ತೆಗೆಯುವ ಕ್ಲೀನರ್ ಚಿಪ್ ಹಾಕದೆ, ರಿಕವರ್ಡ್ ಕ್ಲಾಕಿನ (ಬರುವ ಡೇಟಾದಿಂದಲೇ ಹೆಕ್ಕಿದ ಕ್ಲಾಕಿನ) ಬೆನ್ನು ಹಿಡಿದು ಸ್ಯಾಂಪ್ಲಿಂಗ್ ಕ್ಲಾಕ್ ಮಾಡೋಕೆ ಆಗಲ್ಲ ಅಂದವರೇ ಹೆಚ್ಚು. ಆಗುತ್ತೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಸಿಗ್ನಲನ್ನು ಅಂಕಿಗಳಾಗಿಸುವ ಎರಡು ಎಡಿಸಿ ಬೋರ್ಡು, ಎರಡರಲ್ಲೂ ಆರ್ಟಿಕ್ಸ್-7 ಎಫ್‌ಪಿಜಿಎ (ಬೇಕಾದ ಲಾಜಿಕ್ ತುಂಬಬಹುದಾದ ಚಿಪ್), ನಡುವೆ 200 ಮೀಟರ್ ಚಿಲ್ಲರೆ ಫೈಬರ್, 1.25 ಗಿಗಾಬಿಟ್ ಲಿಂಕ್. ಬೋರ್ಡುಗಳನ್ನು ಒಂದೇ ಟೇಬಲ್ಲಿಗೆ ತಂದು, ಅದೇ ಫೈಬರ್ ಸುರುಳಿ ಹಾಕಿ ಸ್ಕೋಪಿನಲ್ಲಿ ನೋಡಿದರೆ ಕ್ಲಾಕುಗಳ ಫೇಸ್ (ಎರಡರ ಅಂಚುಗಳ ನಡುವಿನ ಅಂತರ) 50 ಪಿಕೊಸೆಕೆಂಡಿನ ಆಸುಪಾಸಿನಲ್ಲೇ ನಿಲ್ಲುತ್ತೆ. ಪವರ್ ತೆಗೆದು ಹಾಕಿದರೂ ಅಲ್ಲಿಗೇ ವಾಪಸ್ ಬರುತ್ತೆ.

ಬರೀ ಡೇಟಾ ಸಾಗಿಸೋಕೆ ಇಷ್ಟೆಲ್ಲ ಬೇಡ, ಎಲಾಸ್ಟಿಕ್ ಬಫರ್ (ಎರಡು ಕ್ಲಾಕುಗಳ ವೇಗದ ವ್ಯತ್ಯಾಸ ನುಂಗುವ ಸಣ್ಣ ಮೆಮೊರಿ) ಸಾಕು. ±100 ಪಿಪಿಎಂ (ಹತ್ತು ಲಕ್ಷಕ್ಕೆ ನೂರು) ಆಸಿಲೇಟರುಗಳು ಎದುರುಬದುರು ತುದಿಗೆ ಹೋದರೂ 5000 ಬೈಟಿಗೆ ಒಂದು ಬೈಟ್ ಜಾರುತ್ತೆ. ಐಡಲ್ (ಡೇಟಾ ಇಲ್ಲದಾಗ ಹೋಗುವ ಖಾಲಿ ಪದ) ಸೇರಿಸಿಯೋ ತೆಗೆದೋ ಬಫರ್ ಅದನ್ನು ಸರಿದೂಗಿಸುತ್ತೆ. ಎರಡೂ ಕಡೆಯ ಸ್ಯಾಂಪಲ್ ಒಂದೇ ಗಳಿಗೆಯದ್ದಾಗಬೇಕು ಅಂದಾಗ ಮಾತ್ರ ಆ ಬಫರೇ ಶತ್ರು, ಅದರ ವಿಳಂಬ ಒಂದೇ ಸಮ ಇರಲ್ಲ. ಟಿಎಕ್ಸ್ (ಕಳಿಸುವ ಕಡೆ), ಆರ್‌ಎಕ್ಸ್ (ಪಡೆಯುವ ಕಡೆ) ಎರಡರಲ್ಲೂ ಬಫರ್ ಬೈಪಾಸ್ ಮಾಡಲೇಬೇಕು.

ರಿಕವರ್ಡ್ ಕ್ಲಾಕನ್ನು ನೇರವಾಗಿ ಪಿನ್ನಿಂದ ಹೊರತಂದು ರೆಫರೆನ್ಸಿಗೆ ಕೊಟ್ಟೂ ನೋಡಿದೆ. ಲಿಂಕ್ ಏಳುತ್ತೆ, ಆದರೆ ನಿಮಿಷಕ್ಕೆ ಹತ್ತಾರು ಬಿಟ್ ಹಾಳಾಗುತ್ತೆ. ಸಿಡಿಆರ್ (ಡೇಟಾದಿಂದ ಕ್ಲಾಕ್ ಹೆಕ್ಕುವ ಭಾಗ) ಫೇಸನ್ನು ಮೆಟ್ಟಿಲು ಮೆಟ್ಟಿಲಾಗಿ ಸರಿಸುತ್ತೆ, ಅದರ ಮೇಲೆ ಚಿಪ್ಪಿನ ಫ್ಯಾಬ್ರಿಕ್ಕಿನ (ಒಳಗಿನ ಲಾಜಿಕ್ ಜಾಲದ) ಜಿಟರ್ ಬೇರೆ.

ಕೊನೆಗೆ ನಿಂತದ್ದು ಇದು: 125 ಮೆಗಾಹರ್ಟ್ಸ್ ಎಲ್‌ವಿಡಿಎಸ್ (ಜೋಡಿ ತಂತಿಯ ಔಟ್‌ಪುಟ್ಟಿನ) ವಿಸಿಎಕ್ಸ್‌ಒ, ಅಂದರೆ ವೋಲ್ಟೇಜ್ ಕೊಟ್ಟು ವೇಗ ತುಸು ಬದಲಿಸಬಹುದಾದ ಕ್ರಿಸ್ಟಲ್ ಆಸಿಲೇಟರ್; ±50 ಪಿಪಿಎಂ ಎಳೆತ, ಅದನ್ನು ತಿರುಗಿಸಲು 16 ಬಿಟ್ ಎಸ್‌ಪಿಐ ಡ್ಯಾಕ್ (ಅಂಕಿಯನ್ನು ವೋಲ್ಟೇಜ್ ಮಾಡುವ ಚಿಪ್). ಒಂದು ಕೋಡಿಗೆ ಸುಮಾರು 0.0015 ಪಿಪಿಎಂ ಸಿಗುತ್ತೆ, ಧಾರಾಳ. ಫೇಸ್ ಅಳೆಯೋಕೆ ಯುರೋಪಿನ ಕಣಭೌತ ಸಂಶೋಧನಾ ಕೇಂದ್ರ ಸೆರ್ನ್‌ನ ವೈಟ್ ರ‍್ಯಾಬಿಟ್ (ಫೈಬರ್ ಮೇಲೆ ಕ್ಲಾಕ್ ಹೊಂದಿಸುವ ವ್ಯವಸ್ಥೆ) ಬಳಸುವ ಡಿಡಿಎಂಟಿಡಿ ವಿಧಾನ. 62.5 ಮೆಗಾಹರ್ಟ್ಸ್‌ನ ರಿಕವರ್ಡ್ ಕ್ಲಾಕು, ನಮ್ಮ ಕ್ಲಾಕು ಎರಡನ್ನೂ ತುಸು ನಿಧಾನದ ಸಹಾಯಕ ಕ್ಲಾಕಿನಿಂದ ಸ್ಯಾಂಪಲ್ ಮಾಡಿದರೆ 3.8 ಕಿಲೋಹರ್ಟ್ಸ್ ಬೀಟ್ (ವೇಗಗಳ ವ್ಯತ್ಯಾಸದ ನಿಧಾನ ಅಲೆ) ಬರುತ್ತೆ. 16384ರ ಅನುಪಾತಕ್ಕೆ ಒಂದು ಎಣಿಕೆ ಅಂದರೆ ಹತ್ತಿರ ಹತ್ತಿರ ಒಂದು ಪಿಕೊಸೆಕೆಂಡ್. ಹೋಲಿಸಬೇಕಾದ್ದು ಎಡಿಸಿಗೆ ಹೋಗುವ 62.5 ಕ್ಲಾಕನ್ನೇ. ವಿಸಿಎಕ್ಸ್‌ಒವನ್ನು ಬೇರೆ ಕಡೆ ಎರಡರಿಂದ ಭಾಗಿಸಿ ಹೋಲಿಸಿದರೆ 8 ನ್ಯಾನೊಸೆಕೆಂಡಿನ ಗೊಂದಲ ಉಳಿಯುತ್ತೆ. ಸಹಾಯಕ ಕ್ಲಾಕನ್ನು ಎಫ್‌ಪಿಜಿಎ ಒಳಗೇ ಇರುವ ಕ್ಲಾಕ್ ತಯಾರಿಸುವ ಭಾಗ ಎಂಎಂಸಿಎಂನಿಂದಲೇ ತೆಗೆದು ದುಡ್ಡು ಉಳಿಸಲು ನೋಡಿದೆ; ಅದರ ಜಿಟರಿಗೆ ಬೀಟಿನ ಅಂಚು ಚೂರುಚೂರಾಗುತ್ತೆ. ಎರಡನೇ ವಿಸಿಎಕ್ಸ್‌ಒ ಹಾಕಿದರೂ ಅಂಚಿನಲ್ಲಿ ಗ್ಲಿಚ್ ಇದ್ದೇ ಇರುತ್ತೆ. ಅದನ್ನು ಸೋಸುವ ಲೆಕ್ಕ ನನ್ನದೇ, ಇಲ್ಲಿ ಬರೆಯುತ್ತಿಲ್ಲ.

ಅಳೆದ ಫೇಸ್ ನೋಡಿ ವಿಸಿಎಕ್ಸ್‌ಒವನ್ನು ತಿದ್ದುವ ಲೂಪಿನ ಬ್ಯಾಂಡ್‌ವಿಡ್ತ್ (ತಿದ್ದುವ ಚುರುಕು) 30 ಹರ್ಟ್ಸ್ ಸುಮಾರು. 500ಕ್ಕೆ ಏರಿಸಿದರೆ ಸಿಡಿಆರ್ ಜಿಟರೆಲ್ಲ ದಾಟಿ ಬರುತ್ತೆ. 1ಕ್ಕೆ ಇಳಿಸಿದರೆ ಫ್ಯಾನ್ ಗಾಳಿ ವಿಸಿಎಕ್ಸ್‌ಒ ಮೇಲೆ ಬಿದ್ದಾಗೆಲ್ಲ ಫೇಸ್ ಅಲೆಯುತ್ತೆ. ಅದಕ್ಕೊಂದು ಸಣ್ಣ ಫೋಮ್ ಮುಚ್ಚಳ ಹಾಕಿ.

ಹೆಚ್ಚು ಕಾಡಿದ್ದು ಡ್ಯಾಕ್‌ಗೂ ವಿಸಿಎಕ್ಸ್‌ಒಗೂ ನಡುವಿನ 1 ಕಿಲೋಓಂ, 1 ಮೈಕ್ರೋಫ್ಯಾರಡ್ ಫಿಲ್ಟರ್. ಟೇಬಲ್ ಮೇಲೆ ಚೆನ್ನಾಗಿದ್ದ ಬೋರ್ಡು ಶೆಡ್ಡಿನಲ್ಲಿ ಪ್ರೆಸ್ ಬಡಿದಾಗೆಲ್ಲ ಫೇಸ್ ಹಾರಿಸುತ್ತಿತ್ತು. ಪವರ್ ಸಪ್ಲೈ, ನೆಲದ ತಂತಿ ಎಲ್ಲ ಸಂಶಯಿಸಿ ಆಯಿತು. ಪೆನ್ನಿನ ತುದಿಯಿಂದ ಆ ಕೆಪಾಸಿಟರನ್ನು ಮೆಲ್ಲಗೆ ತಟ್ಟಿದರೆ ಗ್ರಾಫಿನಲ್ಲಿ ಮುಳ್ಳು ಏಳುತ್ತೆ. ಎಕ್ಸ್7ಆರ್ ಸೆರಾಮಿಕ್ ಅದು, ಅದುರಿದರೆ ವೋಲ್ಟೇಜ್ ಹುಟ್ಟಿಸುತ್ತೆ. ಒಂದು ಮಿಲಿವೋಲ್ಟಿಗೇ 0.03 ಪಿಪಿಎಂ ಸರಿಯುತ್ತೆ. ಹತ್ತು ಹದಿನೈದು ರೂಪಾಯಿಯ ಫಿಲ್ಮ್ ಕೆಪಾಸಿಟರ್ ಹಾಕಿದ ಮೇಲೆ ಮುಳ್ಳು ಮಾಯ. ವಿಸಿಎಕ್ಸ್‌ಒ ಸಪ್ಲೈಗೆ ಪ್ರತ್ಯೇಕ ಎಲ್‌ಡಿಒ (ಗದ್ದಲ ಕಡಿಮೆಯ ರೆಗ್ಯುಲೇಟರ್) ಕೊಡಿ, ಸ್ವಿಚ್ ಮಾಡುವ ಬಕ್ ಕನ್ವರ್ಟರಿನಿಂದ ನೇರ ಎಳೆಯಬೇಡಿ.

ಕ್ಲಾಕ್ ಲಾಕ್ ಆದರೂ ಪ್ರತಿ ರೀಸೆಟ್ಟಿಗೆ ಫೇಸ್ ಬೇರೆ ಬೇರೆ ಕಡೆ ಕೂರುವ ರೋಗ ಇನ್ನೊಂದು. 20 ಬಿಟ್ ಪದದಲ್ಲಿ ಕೆ28.5 ಕಾಮಾ (ಪದದ ಗಡಿ ತೋರಿಸುವ ವಿಶೇಷ ಗುರುತು) ಎಲ್ಲಿ ಬೀಳುತ್ತೆ ಅನ್ನೋದು ಅದೃಷ್ಟದ ಮೇಲೆ. ಒಂದು ಬಿಟ್ ಅಂದರೆ 800 ಪಿಕೊಸೆಕೆಂಡ್. ಆಟೋ ಅಲೈನ್ ಆನ್ ಇಟ್ಟರೆ ಅದು ಡೇಟಾ ಸರಿಸುತ್ತೆ, ಕ್ಲಾಕ್ ಅಲ್ಲೇ ಉಳಿಯುತ್ತೆ. ಅದನ್ನು ಆಫ್ ಮಾಡಿ, ಕಾಮಾ ಸೊನ್ನೆ ಸ್ಥಾನಕ್ಕೆ ಬೀಳುವವರೆಗೂ ಆರ್‌ಎಕ್ಸ್ ರೀಸೆಟ್ ಕೊಡುತ್ತಲೇ ಇರಿ. ಸರಾಸರಿ 20 ರೀಸೆಟ್, ಕಣ್ಣು ಮಿಟುಕಿಸುವಷ್ಟು ಹೊತ್ತು. ಒರಟು ಉಪಾಯ ಅಂತ ಮೂಗು ಮುರಿಯುವವರಿದ್ದಾರೆ, ನನಗೆ ಇದರಷ್ಟು ನಂಬಿಕೆಯದ್ದು ಬೇರೆ ಸಿಕ್ಕಿಲ್ಲ.

ಫೈಬರ್ ಕಡಿದಾಗ ಡ್ಯಾಕ್ ಕೋಡ್ ಹಿಡಿದಿಡಬೇಕು. ಎಸ್‌ಎಫ್‌ಪಿಯ (ಫೈಬರ್ ಚುಚ್ಚುವ ಮಾಡ್ಯೂಲಿನ) ಎಲ್‌ಒಎಸ್, ಅಂದರೆ ಬೆಳಕು ಇಲ್ಲ ಅನ್ನುವ ಪಿನ್ ಒಂದನ್ನೇ ನಂಬಬೇಡಿ. ಬೆಳಕು ಮಂಕಾದಾಗ ಅದು ಸುಮ್ಮನಿರುತ್ತೆ, ಸಿಡಿಆರ್ ಮಾತ್ರ ಕಸವನ್ನೇ ಹಿಂಬಾಲಿಸುತ್ತೆ. 8ಬಿ/10ಬಿ (8 ಬಿಟ್ಟನ್ನು 10 ಮಾಡಿ ಕಳಿಸುವ ಕೋಡ್) ಡಿಸ್ಪ್ಯಾರಿಟಿ, ಅಂದರೆ ಸೊನ್ನೆ ಒಂದುಗಳ ಸಮತೋಲದ ತಪ್ಪು ಕಂಡ ಕೂಡಲೇ ಲೂಪ್ ನಿಲ್ಲಿಸಿ, ಆ ಕ್ಷಣದ ಕೋಡ್ ಬಿಟ್ಟು ಅದಕ್ಕೂ ಹಿಂದಿನ ಸರಾಸರಿಯನ್ನು ಹಾಕಿ.

ಕ್ಲೀನರ್ ಚಿಪ್ಪು, ಅದರ ಕ್ರಿಸ್ಟಲ್ಲು ಸೇರಿ ಬೋರ್ಡಿಗೆ 3000ದ ಹತ್ತಿರ ಬೀಳುತ್ತಿತ್ತು. ನನ್ನದು 1400 ಚಿಲ್ಲರೆಗೆ ಮುಗಿಯಿತು. ಎಸ್‌ಎಫ್‌ಪಿ ಬೆಂಗಳೂರಿನ ಎಸ್.ಪಿ. ರೋಡಿನ ಹಳೆಯ ಮಾಲು, ಒಂದಕ್ಕೆ 350ರಂತೆ. ಅವುಗಳಲ್ಲಿ ಲೇಸರ್ ಸೊರಗಿದವೂ ಇರುತ್ತವೆ, ಎದುರು ತುದಿಯಲ್ಲಿ ರಿಸೀವ್ ಪವರ್ ಓದಿಕೊಂಡೇ ಹಾಕಿ.

ದುಡ್ಡು ಇನ್ನೂ ಉಳಿಸಲು 1310/1490 ನ್ಯಾನೊಮೀಟರ್ ಜೋಡಿಯ ಒಂದೇ ಎಳೆಯ ಮಾಡ್ಯೂಲನ್ನೂ ಪರೀಕ್ಷಿಸಿದೆ. ಫೈಬರಿನ ವಿಳಂಬ ತಿಳಿಯಲು ಹೋಗಿಬರುವ ಕಾಲವನ್ನು ಅರ್ಧ ಮಾಡುವ ಲೆಕ್ಕ ಅಲ್ಲಿ ಕೈಕೊಡುತ್ತೆ: ಎರಡು ತರಂಗಾಂತರ ಬೇರೆ ಬೇರೆ ವೇಗದಲ್ಲಿ ಸಾಗುವುದರಿಂದ ಕಿಲೋಮೀಟರಿಗೆ ಒಂದು ನ್ಯಾನೊಸೆಕೆಂಡಿಗೂ ತುಸು ಮೇಲೆ ವ್ಯತ್ಯಾಸ ಬರುತ್ತೆ, ಅದರ ಅರ್ಧ ತಪ್ಪಾಗಿ ಉಳಿಯುತ್ತೆ. ಫೈಬರ್ ಉದ್ದ ಗೊತ್ತಿದ್ದರೆ ಕಳೆದುಬಿಡಬಹುದು. 200 ಮೀಟರಿಗೆ ಆ ತಲೆನೋವು ಬೇಡವೆಂದು ಎರಡು ಎಳೆಯನ್ನೇ ಉಳಿಸಿಕೊಂಡೆ.