ಹಳೇ ಚಹಾ ಪುಡಿ: ದಿನಾಂಕಕ್ಕಿಂತ ಮೊದಲು ತೇವ ನೋಡಿ

ದಿನಾಂಕ ಮುಗಿದಿದೆ ಎಂಬ ಒಂದೇ ಕಾರಣಕ್ಕೆ ನಾನು ಚಹಾ ಪುಡಿ ಎಸೆಯುವುದಿಲ್ಲ. ಪೊಟ್ಟಣದ ಮೇಲಿನ ಆ ಗಡುವು ಮುಖ್ಯವಾಗಿ ರುಚಿಗೆ ಸಂಬಂಧಿಸಿದ್ದು. ಕಾರ್ಖಾನೆಯ ಡ್ರೈಯರ್‌ನಿಂದ ಹೊರಬರುವಾಗ ಎಲೆಯಲ್ಲಿ ಉಳಿದಿರುವ ತೇವ ಶೇ. 3ರ ಆಸುಪಾಸು. ಅಷ್ಟು ಒಣಗಿದ್ದರಲ್ಲಿ ಬೂಸ್ಟು ಬೆಳೆಯಲಾರದು. ಗರಿಗರಿಯಾಗಿಯೇ ಉಳಿದ ಪುಡಿ ಎರಡು ಮೂರು ವರ್ಷ ಹಳೆಯದಾದರೆ ಸಪ್ಪೆಯಾಗುತ್ತದೆ, ಅಷ್ಟೇ. ತೇವ ಹೊಕ್ಕ ಪುಡಿ ಗಡುವಿನೊಳಗೇ ಕೆಡುತ್ತದೆ.

ಮೊದಲು ಮೂಗಿನ ಕೆಲಸ. ಮುಚ್ಚಳ ತೆಗೆದ ಕೂಡಲೇ ಮೂಸಬೇಕು, ತಡವಾದರೆ ವಾಸನೆ ಹಾರಿಹೋಗುತ್ತದೆ. ಏನೂ ಘಮ ಇಲ್ಲದಿದ್ದರೆ ಬರೀ ಹಳತು. ಮುಗ್ಗಲು ಬಂದರೆ ಮುಂದಿನ ಪರೀಕ್ಷೆಯೇ ಬೇಡ, ಎಸೆಯಿರಿ. ಆಮೇಲೆ ಒಂದೆರಡು ಎಲೆಗಳನ್ನು ಬೆರಳ ನಡುವೆ ತಿಕ್ಕುತ್ತೇನೆ. ಪುಡಿಪುಡಿಯಾದರೆ ಸರಿ, ಬಾಗಿ ಮೆತ್ತಗೆ ಮಡಚಿಕೊಂಡರೆ ತೇವ ಎಳೆದಿದೆ. ಕೊನೆಗೆ ಒಂದು ಚಮಚ ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ಒಳ್ಳೇ ಬೆಳಕಿನಲ್ಲಿ ನೋಡುವುದು: ಗಂಟುಗಳು, ಜೇಡರ ಬಲೆಯಂಥ ಎಳೆ, ಬೂದು ಅಥವಾ ಹಸಿರು ಧೂಳು, ಹುಳು.

ಇಲ್ಲಿ ಹಲವರು ಮೋಸಹೋಗುತ್ತಾರೆ. ಎಳೆ ಕುಡಿಗಳಿಂದ ಮಾಡಿದ ಚಹಾದಲ್ಲಿ ಬೆಳ್ಳಿಬಣ್ಣದ ನವಿರು ಕೂದಲು ಸಹಜ. ಅದು ಎಲೆಯ ಮೈಗೆ ಅಂಟಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ಬೂಸ್ಟು ಮೇಲಕ್ಕೆ ಉಬ್ಬಿಕೊಂಡು ಒಂದು ಎಲೆಯನ್ನು ಇನ್ನೊಂದಕ್ಕೆ ಹೆಣೆಯುತ್ತದೆ. ಇಟ್ಟಿಗೆಯಂತೆ ಒತ್ತಿ ಮಾಡುವ ಚೀನಾದ ಫೂ ಚಹಾದೊಳಗಿನ ಹಳದಿ ಚುಕ್ಕಿಗಳೂ ಶಿಲೀಂಧ್ರವೇ, ಆದರೆ ಬೇಕೆಂದೇ ಬೆಳೆಸಿದ್ದು.

ಬೂಸ್ಟು ಕಂಡರೆ ಆ ಭಾಗ ಮಾತ್ರ ತೆಗೆದು ಉಳಿದದ್ದನ್ನು ಬಳಸುವ ಲೆಕ್ಕಾಚಾರ ಬೇಡ. ಎಳೆಗಳು ಕಣ್ಣಿಗೆ ಕಾಣದಷ್ಟು ದೂರ ಹಬ್ಬಿರುತ್ತವೆ. ಅಫ್ಲಟಾಕ್ಸಿನ್‌ನಂಥ ಶಿಲೀಂಧ್ರ ವಿಷಗಳು ಕುದಿಯುವ ನೀರಿಗೆ ಜಗ್ಗುವುದಿಲ್ಲ, ಹಾಗಾಗಿ ಚೆನ್ನಾಗಿ ಕುದಿಸಿದರೂ ಪ್ರಯೋಜನವಿಲ್ಲ.

ಮುಗ್ಗಲೂ ಇಲ್ಲ, ಬೂಸ್ಟೂ ಇಲ್ಲ, ಸ್ವಲ್ಪ ಮೆತ್ತಗಾಗಿದೆ ಅಷ್ಟೇ ಎಂದಾದರೆ ಉಳಿಸಿಕೊಳ್ಳಬಹುದು. ದಪ್ಪ ತಳದ ಒಣ ಬಾಣಲೆಯಲ್ಲಿ, ಅತಿ ಸಣ್ಣ ಉರಿಯಲ್ಲಿ, ಐದು ನಿಮಿಷ ಕೈಬಿಡದೆ ಆಡಿಸಿ. ಪೂರ್ತಿ ಆರುವವರೆಗೆ ಡಬ್ಬಿಗೆ ಹಾಕಬೇಡಿ, ಬಿಸಿ ಪುಡಿಯ ಹಬೆಯೇ ಒಳಗೆ ನೀರಾಗಿ ಮತ್ತೆ ತೇವ ಕೂರುತ್ತದೆ. ಸ್ವಲ್ಪ ಹುರಿದ ರುಚಿ ಬರುತ್ತದೆ, ಹೋದ ಘಮ ಮಾತ್ರ ಮರಳದು. ಸುಗಂಧ ಬೆರೆಸಿದ ಚಹಾಕ್ಕೆ ಇದನ್ನು ಮಾಡಬೇಡಿ, ಎಣ್ಣೆಯೆಲ್ಲ ಆವಿಯಾಗುತ್ತದೆ.

ರುಚಿ ಅಳೆಯಲು, ಚಹಾ ಪರೀಕ್ಷೆಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 3103ರ ಅಳತೆ ಸಾಕು: 100 ಮಿ.ಲೀ. ಕುದಿಯುವ ನೀರಿಗೆ 2 ಗ್ರಾಂ, ಮುಚ್ಚಿ 6 ನಿಮಿಷ, ಹಾಲಿಲ್ಲದೆ. ಡಿಕಾಕ್ಷನ್ ಮಂಕಾಗಿದ್ದು ನಾಲಿಗೆಗೆ ಚುರುಕು ತಾಗದಿದ್ದರೆ ಪುಡಿಗೆ ವಯಸ್ಸಾಗಿದೆ. ಪುಡಿ ಹೆಚ್ಚು ಹಾಕಿದರೆ ಬಣ್ಣವೂ ಕಹಿಯೂ ಏರುತ್ತವೆ, ಘಮ ಏರುವುದಿಲ್ಲ. ಕೆಫೀನ್ ಮಾತ್ರ ಸುಲಭಕ್ಕೆ ಹೋಗದು, ಸಪ್ಪೆ ಚಹಾವೂ ನಿದ್ದೆ ಕೆಡಿಸುತ್ತದೆ.

ಕಪ್ಪು ಚಹಾ ಗಾಳಿಯಾಡದ ಡಬ್ಬಿಯಲ್ಲಿ ಎರಡು ವರ್ಷ ಚೆನ್ನಾಗಿರುತ್ತದೆ. ಹಸಿರು ಚಹಾಕ್ಕೆ ನಾನು ಒಂದು ವರ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ, ಅದಕ್ಕೆ ಒಗರು ಕೊಡುವ ಕ್ಯಾಟೆಚಿನ್ ಮತ್ತು ಹಸಿರು ಬಣ್ಣ ಕೊಡುವ ಹರಿತ್ತು ಗಾಳಿ, ಬೆಳಕಿಗೆ ಬೇಗ ಬಣ್ಣಗೆಡುತ್ತವೆ. ಮಾಚಾ, ಅಂದರೆ ನುಣ್ಣಗೆ ಅರೆದ ಹಸಿರು ಚಹಾ, ತೆರೆದ ಮೇಲೆ ಒಂದೆರಡು ತಿಂಗಳು. ಇಡೀ ಎಲೆಗಿಂತ ಡಸ್ಟ್ (ಸಣ್ಣ ಪುಡಿ ಚಹಾ) ಮತ್ತು ಟೀ ಬ್ಯಾಗ್ ಬೇಗ ಸೋಲುತ್ತವೆ, ಗಾಳಿಗೆ ತೆರೆದ ಮೈ ಹೆಚ್ಚು. ಗಾಜಿನ ಡಬ್ಬಿ ಚಂದ, ಆದರೆ ಕತ್ತಲ ಕಪಾಟಿನಲ್ಲಿಟ್ಟರೆ ಮಾತ್ರ. ಒಲೆಯ ಮೇಲಿನ ಶೆಲ್ಫ್ ಬೇಡವೇ ಬೇಡ. ಫ್ರಿಜ್‌ನಲ್ಲಿಟ್ಟಿದ್ದರೆ ಹೊರತೆಗೆದು ಕೋಣೆಯ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆರೆಯಿರಿ. ತಣ್ಣನೆಯ ಎಲೆಯ ಮೇಲೆ ಗಾಳಿಯ ನೀರು ಕೂತರೆ ಅಲ್ಲಿಗೆ ಮುಗಿಯಿತು.

ಮಾಡಿಟ್ಟ ಚಹಾದ ಲೆಕ್ಕವೇ ಬೇರೆ. ಹಾಲು ಹಾಕಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡುವುದಿಲ್ಲ. ಹಾಲಿಲ್ಲದ್ದನ್ನು ಫ್ರಿಜ್‌ನಲ್ಲಿಟ್ಟು ಒಂದು ದಿನದೊಳಗೆ ಮುಗಿಸುತ್ತೇನೆ. ಆರಿದಾಗ ಕದಡಿದರೆ ಹೆದರಬೇಡಿ, ಕೆಫೀನ್ ಮತ್ತು ಚಹಾದ ಒಗರಿನ ಅಂಶವಾದ ಪಾಲಿಫಿನಾಲ್‌ಗಳು ಕೂಡಿದ್ದು, ಬಿಸಿ ಮಾಡಿದರೆ ತಿಳಿಯಾಗುತ್ತದೆ. ಮೇಲಿನ ತೆಳು ಕೆನೆ ಗಡಸು ನೀರಿನ ಕ್ಯಾಲ್ಸಿಯಂನಿಂದ. ಲೋಳೆಲೋಳೆಯಾಗಿ ದಾರದಂತೆ ಎಳೆ ಬಂದರೆ ಮಾತ್ರ ಪಾತ್ರೆಯಷ್ಟನ್ನೂ ಚೆಲ್ಲಿ, ಪಾತ್ರೆಯನ್ನು ಕುದಿಯುವ ನೀರಿನಲ್ಲಿ ತೊಳೆಯಿರಿ.