ಬಾದಾಮಿ ಗುಹೆಯ ಕಲ್ಲಿನಿಂದ ಉಪ್ಪು ತೆಗೆದದ್ದು

ಗುಹೆಯೊಳಗೆ ಮಳೆ ಬೀಳಲ್ಲ, ಬಿಸಿಲೂ ಅಷ್ಟಕ್ಕಷ್ಟೆ. ಆದರೂ ಕಂಬದ ಬುಡ ಯಾಕೆ ಪುಡಿಪುಡಿಯಾಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಉತ್ತರ ಬೆಟ್ಟದ ತಲೆಯ ಮೇಲಿದೆ. ಬಾದಾಮಿಯ ಮರಳುಗಲ್ಲು ನೀರು ಕುಡಿಯುತ್ತದೆ. ಮೇಲೆ ಬಿದ್ದ ಮಳೆ ಬಿರುಕು, ಪದರಗಳ ಸಂದು ಹಿಡಿದು ನಿಧಾನಕ್ಕೆ ಇಳಿಯುತ್ತದೆ, ದಾರಿಯಲ್ಲಿ ಸಿಕ್ಕ ಉಪ್ಪನ್ನು ಕರಗಿಸಿಕೊಂಡು ಬಂದು ಕೆತ್ತನೆಯ ಮೈಮೇಲೆ ಆರಿಹೋಗುತ್ತದೆ. ಉಪ್ಪು ಅಲ್ಲೇ ಉಳಿಯುತ್ತದೆ. ಅದು ಹರಳುಗಟ್ಟುವಾಗ ಮರಳಿನ ಕಣಗಳನ್ನು ಒಳಗಿಂದ ತಳ್ಳುತ್ತದೆ. ಹಾಗಾಗಿ ಕಲ್ಲು ಉದುರುವುದು ಮಳೆಗಾಲಕ್ಕಿಂತ ಮಳೆ ನಿಂತು ಗಾಳಿ ಒಣಗಿದ ಮೇಲೆ ಜಾಸ್ತಿ. ಬಾವಲಿ ಹಿಕ್ಕೆಯೂ ಉಪ್ಪು ಸೇರಿಸುತ್ತದೆ.

ನಾನು ಮೊದಲು ಕಂಬದ ಕೆಳಗೆ ಕಾಗದ ಹಾಸಿದೆ. ಉದುರಿದ ಮರಳು ನೋಡಿದರೆ ಎಲ್ಲಿ ಜೋರು ಅಂತ ಗೊತ್ತಾಗುತ್ತದೆ. ಆಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದೆ. ಟೊಳ್ಳು ಸದ್ದು ಬಂದ ಕಡೆ ಪದರ ಬಿಟ್ಟಿದೆ ಅಂತ ಸೀಮೆಸುಣ್ಣ ಮುಟ್ಟಿಸದೆ ಫೋಟೋ ಮೇಲೆ ಗುರುತು ಹಾಕಿಕೊಂಡೆ.

ಹಿಂದೆ ಯಾರೋ ಸಿಮೆಂಟ್ ತುಂಬಿದ ಜಾಗಗಳೇ ದೊಡ್ಡ ತಲೆನೋವು. ಸಿಮೆಂಟ್ ಗಟ್ಟಿ, ಅದರೊಳಗಿಂದ ನೀರು ಸರಿಯಾಗಿ ಹೊರಗೆ ಹೋಗಲ್ಲ, ಪಕ್ಕದ ಮೆತ್ತನೆ ಕಲ್ಲಿನಲ್ಲೇ ದಾರಿ ಹುಡುಕುತ್ತದೆ, ಹಾಗಾಗಿ ತೇಪೆ ಹೊಸದರಂತೆ ನಿಂತಿರುತ್ತದೆ, ಮೂಲ ಕಲ್ಲು ಸವೆಯುತ್ತದೆ. ಸಣ್ಣ ಉಳಿಯಿಂದ ಕೈಯಲ್ಲೇ ಬಿಡಿಸಿ, ಸುಣ್ಣ ಮತ್ತು ಅಲ್ಲಿನದೇ ಮರಳಿನ ಗಾರೆ ತುಂಬಿದೆ.

ಉಪ್ಪು ತೆಗೆಯಲು ಅಂಟಿಲ್ಲದ ಕಾಗದವನ್ನು ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಕಲಸಿ, ಹಿಟ್ಟಿನಂತೆ ಮಾಡಿಕೊಂಡೆ. ಕಲ್ಲಿಗೆ ಮೊದಲು ತೆಳು ಟಿಶ್ಯೂ, ಅದರ ಮೇಲೆ ಬೆರಳ ದಪ್ಪ ಹಿಟ್ಟು, ಮೂಲೆಮೂಲೆಗೂ ಒತ್ತಿ. ಒಳಗೆ ಗಾಳಿ ಉಳಿದರೆ ಅಷ್ಟು ಕಡೆ ಕೆಲಸವೇ ಆಗಲ್ಲ. ಒಣಗುತ್ತಾ ಬಂದಂತೆ ನೀರಿನ ಜೊತೆ ಉಪ್ಪೂ ಕಾಗದಕ್ಕೆ ಬರುತ್ತದೆ. ಎತ್ತಿದ ತುಂಡನ್ನು ಹೊಸ ನೀರಿನಲ್ಲಿ ಅದ್ದಿ, ನೀರಿಗೆ ಎಷ್ಟು ಉಪ್ಪು ಬಿಟ್ಟಿದೆ ಅಂತ ತೋರಿಸುವ ಮೀಟರ್ ಇಟ್ಟೆ. ಮೀಟರಿನ ಅಂಕಿ ಇಳಿಯುವುದು ನಿಲ್ಲುವವರೆಗೆ ಹೊಸ ಹಿಟ್ಟು ಹಾಕುತ್ತಾ ಹೋದೆ. ಹಳೇ ಹಿಟ್ಟು ಮತ್ತೆ ಬಳಸಬಾರದು, ಉಪ್ಪು ವಾಪಸ್ ಹೋಗುತ್ತದೆ ಅಲ್ವಾ.

ಮೂರನೇ ಗುಹೆಯಲ್ಲಿ, ಕ್ರಿ.ಶ. 578ರ, ಚಾಲುಕ್ಯರ ಮಂಗಳೇಶನ ಶಾಸನ ಇರುವ ಗುಹೆ ಅದು, ಚಾವಣಿಯಂಚಿನಲ್ಲಿ ಬಣ್ಣ ಉಳಿದಿದೆ. ಅಲ್ಲಿ ಈ ಹಿಟ್ಟು ಬೇಡವೇ ಬೇಡ, ಬಣ್ಣ ಎದ್ದು ಬರುತ್ತದೆ.

ನೀರು ಅಂಟದ ಲೇಪನ ಸುಮ್ನೆ ಹಚ್ಚಿಬಿಡಿ ಅಂತ ಸಲಹೆ ಕೊಡುವವರು ಬಹಳ. ಹಿಂದಿನಿಂದ ನೀರು ಬರುತ್ತಿರುವಾಗ ಮುಂದೆ ಹಚ್ಚಿದರೆ ಉಪ್ಪು ಲೇಪನದ ಹಿಂದೆ ಕೂಡುತ್ತದೆ, ಇಡೀ ಪದರ ಕಳಚುತ್ತದೆ. ನಾನು ಒಪ್ಪಲಿಲ್ಲ. ಅದರ ಬದಲು ಮೇಲೆ ಹತ್ತಿ, ಬಿರುಕಿನಲ್ಲಿ ಬೇರುಬಿಟ್ಟ ಗಿಡ ತೆಗೆಸಿ, ನೀರು ಪಕ್ಕಕ್ಕೆ ಹರಿಯುವ ಕಾಲುವೆಯ ಮಣ್ಣು ತೆಗೆಸಿದೆ. ಬಿಲ್ಲಿನಲ್ಲಿ ಇದಕ್ಕೆ ಬಂದದ್ದು ಕೂಲಿಯಷ್ಟೇ, ಆದರೆ ಅದಾದ ಮೇಲಿನ ಮಳೆಗಾಲ ಕಳೆದು ನೋಡಿದಾಗ ಕಾಗದದ ಮೇಲೆ ಮರಳು ಕಡಿಮೆ ಬಿದ್ದಿತ್ತು.